ತಾಳೆ ನೋಡಿದವರು

ಎಸ್ತೇರಮ್ಮ ಬಂದದ್ದು ಬುಧವಾರ, ಬಿಸಿಲಿಳಿದ ಮೇಲೆ.
ದುರ್ಗದ ದೊಡ್ಡಾಸ್ಪತ್ರೆಯಲ್ಲಿ ಮೂವತ್ತು ವರ್ಷ ಸೂಜಿ ಹಿಡಿದ ಕೈ
ಸೆರಗಿನ ತುದಿ ಹಿಂಡುತ್ತಿತ್ತು.
'ಬೋರಯ್ಯನೋರೆ, ನೀವು ಕೋರ್ಟಿನ ಕಾಗದ ಕಂಡವರು.
ನಮ್ಮ ಮೊಮ್ಮಗ ದಾವಣಗೆರೆ ಕಾಲೇಜಿಂದ ಬಂದು
ಯೇಸು ಅನ್ನೋನು ಹುಟ್ಟೇ ಇರಲಿಲ್ಲ ಅಂತಾನೆ.
ನೀವು ನೋಡಿ ಹೇಳಿ. ನೀವು ನಮ್ಮವರಲ್ಲ,
ಅದಕ್ಕೇ ಕೇಳ್ತಿದೀನಿ.'

ನಾನು ಜಡ್ಜಲ್ಲ, ವಕೀಲನೂ ಅಲ್ಲ.
ನಕಲು ವಿಭಾಗದ ಗುಮಾಸ್ತ.
ಊರವರ ಜಗಳವನ್ನೆಲ್ಲ ದುಂಡಗೆ ಬರೆದು
ಪುಟಕ್ಕಿಷ್ಟೆಂದು ಸ್ಟಾಂಪು ಹಚ್ಚಿದವನು.
ಆದರೂ ಬೇಸಗೆ ಪೂರ್ತಿ ಓದಿದೆ.

ಮೊದಲ ಕೊರತೆ: ಅವನ ಕೈಬರಹ ಒಂದಕ್ಷರ ಇಲ್ಲ.
ಒಮ್ಮೆ ಬಗ್ಗಿ ಬೆರಳಿನಿಂದ ನೆಲದ ಮೇಲೆ ಬರೆದನಂತೆ.
ಏನು ಬರೆದನೋ ಯಾರೂ ಓದಿಕೊಳ್ಳಲಿಲ್ಲ.
ಆ ಪ್ರಸಂಗವೇ ಹಳೆಯ ಪ್ರತಿಗಳಲ್ಲಿಲ್ಲವೆಂದು ತಿಳಿದವರು ಹೇಳುತ್ತಾರೆ.
ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ.

ಆ ಕಾಲದ ಒಬ್ಬ ಯೆಹೂದಿ ಚರಿತ್ರೆಕಾರನ ಪುಟದಲ್ಲಿ ಹೆಸರಿದೆ.
ಸುತ್ತ ಭಕ್ತಿ ಜಿನುಗುತ್ತದೆ; ಬರೆದವನು ಭಕ್ತನಲ್ಲ.
ಈ ರೋಗ ನನಗೆ ಗೊತ್ತು.
ಹೊಳಲ್ಕೆರೆ ಕಡೆಯ ಒಂದು ವಿಭಾಗಪತ್ರದಲ್ಲಿ
ಹುಣಸೆಮರದ ಸಾಲೊಂದು ಇದ್ದಕ್ಕಿದ್ದಂತೆ ಬಲು ವಿನಯದಿಂದ ಮಾತಾಡಿತ್ತು.
ಯಾರೋ ಆಮೇಲೆ ತುರುಕಿದ್ದು.
ಆ ಸಾಲು ಹೊಡೆದುಹಾಕಿದರೂ ಪತ್ರ ನಿಂತಿತು:
ಹೊಲ ಇತ್ತು, ಅಣ್ಣತಮ್ಮಂದಿರಿದ್ದರು, ಜಗಳವಂತೂ ಇತ್ತು.
ಅದೇ ಚರಿತ್ರೆಕಾರ ಮುಂದೊಂದು ಕಡೆ, ಬೇರೇನೋ ಹೇಳುತ್ತ,
ಕೊಲೆಯಾದ ಯಾಕೋಬನನ್ನು ಅವನ ತಮ್ಮನೆಂದು ಗುರುತಿಸಿ ಮುಂದೆ ಹೋಗುತ್ತಾನೆ.
ಇದು ನನಗೆ ಹಿಡಿಸಿತು.
ತಮ್ಮನ ಗುರುತಿಗೆಂದು
ಇಲ್ಲದ ಅಣ್ಣನನ್ನು ಯಾರು ಹುಟ್ಟಿಸುತ್ತಾರೆ?

ನಾಲ್ವರ ಹೇಳಿಕೆ ಒಂದಕ್ಕೊಂದು ಕೂಡುವುದಿಲ್ಲ.
ಕೂಡಿದ್ದರೆ ಅನುಮಾನಪಡುತ್ತಿದ್ದೆ,
ಕಲಿಸಿ ಕರೆತಂದ ಸಾಕ್ಷಿಗಳು ಉಸಿರನ್ನೂ ಒಂದೇ ಕಡೆ ಎಳೆಯುತ್ತಾರೆ.
ಹಾಗಂತ ಪೂರ್ತಿ ಸಮಾಧಾನವಿಲ್ಲ:
ಇಬ್ಬರು ಮೂರನೆಯವನನ್ನು ನೋಡಿ ಬರೆದಿದ್ದಾರೆ,
ಕಾಪಿ ಹೊಡೆದದ್ದು ನನ್ನ ಕಣ್ಣಿಗೆ ತಪ್ಪುವುದಿಲ್ಲ.

ಚಂದ್ರವಳ್ಳಿ ಅಗೆದಾಗ ರೋಮಿನ ಬೆಳ್ಳಿ ನಾಣ್ಯ ಸಿಕ್ಕಿತ್ತು,
ಅವನನ್ನು ಮರಕ್ಕೆ ಜಡಿದ ಕಾಲದ ಚಕ್ರವರ್ತಿಯ ಮುಖ.
ನಾನು ಕಂಡದ್ದು ಅದರ ಪಟ; ಅದೂ ನಕಲೇ.
ಆಳಿದವನ ಮೂಗು ನಮ್ಮ ಕೆರೆಯ ಪಕ್ಕದ ಮಣ್ಣಿನವರೆಗೆ ಬಂತು.
ಸತ್ತವನದು ಒಂದು ಮೊಳೆಯೂ ಬರಲಿಲ್ಲ.
ಬಡಗಿಗೆ ಟಂಕಸಾಲೆ ಇರುವುದಿಲ್ಲ,
ಇದನ್ನು ಅವನ ವಿರುದ್ಧ ಬರೆದುಕೊಳ್ಳಲಾರೆ.

ಮೊಳಕಾಲ್ಮೂರಿನಾಚೆ ಬ್ರಹ್ಮಗಿರಿಯ ಬಂಡೆಗೂ ಹೋಗಿಬಂದೆ.
ರಾಜನ ಬಿರುದಿದೆ, ಹೆಸರಿಲ್ಲ.
ಹೆಸರು ಹಾಕಿಕೊಂಡವನು ಲಿಪಿಕಾರ ಚಪಡ, ನಮ್ಮ ಜಾತಿ,
ಕೊನೆಯ ಪದ ಬಲದಿಂದ ಎಡಕ್ಕೆ ಬರೆದು ಮೆರೆದಿದ್ದಾನೆ.
ಎಸ್ತೇರಮ್ಮನ ಕೇಸಿನಲ್ಲಿ ಇದು ತಿರುಗುಮುರುಗು:
ಅವನ ಹೆಸರುಂಟು,
ಬರೆದ ನನ್ನಂಥವರು ಯಾರೋ ತಿಳಿಯದು.

ಕೊನೆಗೆ ಒಂದು ಹಾಳೆ ಬರೆದುಕೊಟ್ಟೆ:
'ಗಲಿಲಾಯದ ಒಬ್ಬನಿದ್ದ. ಜನ ಕೂಡಿಸಿದ. ಸರ್ಕಾರ ಕೊಂದಿತು.
ತಮ್ಮ ನಾಯಕ ಕಳ್ಳರ ನಡುವೆ ಬೆತ್ತಲೆ ಸತ್ತನೆಂದು
ಹಿಂಬಾಲಕರು ಬೇಕೆಂದೇ ಕಥೆ ಕಟ್ಟಲಾರರು.
ಇಷ್ಟಕ್ಕೆ ಆಧಾರ ಸಾಲುತ್ತದೆ.
ಮೂರನೆಯ ದಿನದ ಸಂಗತಿ ಈ ಕಚೇರಿಯ ವ್ಯಾಪ್ತಿಗೆ ಸೇರಿದ್ದಲ್ಲ.'

ಆಕೆ ಕನ್ನಡಕ ಏರಿಸಿ ಎರಡು ಸಲ ಓದಿದಳು.
'ಬೆತ್ತಲೆ ಅಂತ ಬರೆದಿದೀರಿ.'
'ಹೌದು.'
'ನಮ್ಮ ಪಟದಲ್ಲಿ ಸೊಂಟಕ್ಕೆ ಬಟ್ಟೆ ಇದೆ.'
ತುಂಬ ಹೊತ್ತು ಸುಮ್ಮನಿದ್ದಳು.
'ವಾರ್ಡಿನಲ್ಲಿ ಸತ್ತವರಿಗೆ ಮೊದಲು ಬಟ್ಟೆ ಹೊದಿಸ್ತಿದ್ದೆ,
ಆಮೇಲೆ ಡಾಕ್ಟರನ್ನ ಕರೀತಿದ್ದೆ' ಅಂದಳು.

ಕೆಳಗೆ ಸಹಿ ಹಾಕಿ ಅಂದಳು.
ಹಾಕಿದೆ, ನಕಲು ಮಾಡಿದವರು ಎಂಬಲ್ಲಿ.
ಪಕ್ಕದ ಜಾಗ, ತಾಳೆ ನೋಡಿದವರು,
ಅಸಲು ಕಾಣದೆ ನಾನು ತುಂಬುವಂಥದ್ದಲ್ಲ.
ಹಾಳೆ ನಾಲ್ಕು ಮಡಿಕೆ ಮಾಡಿ ಆಕೆ ಬ್ಲೌಸಿನಲ್ಲಿ ಸಿಕ್ಕಿಸಿಕೊಂಡಳು,
ಮೊಮ್ಮಗನಿಗೆ ತೋರಿಸುವಳೋ ಇಲ್ಲವೋ ಹೇಳಲಿಲ್ಲ.