ಮೂಲ: ಮನುಷ್ಯ

ಥರ್ಮೋಕೋಲ್ ಡಬ್ಬಿಯನ್ನು ಎದೆಗವಚಿಕೊಂಡು
ಮೂರನೇ ಮಹಡಿ ಹತ್ತಿ ಬಂದ ಕೊರಿಯರ್ ಜಬೀವುಲ್ಲಾ
ಸಹಿ ಹಾಕಿಸಿಕೊಳ್ಳುತ್ತ ಚೀಟಿ ಓದಿ ನಕ್ಕ:
"ಮೇಡಂ, ಒಳಗೆ ಮನುಷ್ಯ ಇದಾನಂತೆ?"

ಇದ್ದಾನೆ, ಹತ್ತು ಮೈಕ್ರೋಗ್ರಾಂ.
ಉಗುರಿನ ಕೊಳೆಗಿಂತ ಕಡಿಮೆ.
ಕಿಣ್ವ. ನರವು ಸ್ನಾಯುವಿಗೆ ಹೇಳಿದ ಮಾತನ್ನು
ಹೇಳಿ ಮುಗಿದ ಕೂಡಲೇ ಅಳಿಸುವುದು ಇದರ ಕೆಲಸ,
ಸ್ಲೇಟು ಒರೆಸುವ ಹುಡುಗನ ಹಾಗೆ.
ಒರೆಸದಿದ್ದರೆ ಒಂದೇ ಮಾತು ಮೈತುಂಬ:
ಬಿಗಿ ಬಿಗಿ ಬಿಗಿ.

ಚೀಟಿಯ ಕೆಳಗೆ, ಇರುವೆಯಂಥ ಅಕ್ಷರದಲ್ಲಿ:
ಸಂಶೋಧನೆಗೆ ಮಾತ್ರ.
ಮನುಷ್ಯರಿಗೆ ಬಳಸತಕ್ಕದ್ದಲ್ಲ.

ಹೊರಗೆ ಬೆಂಚಿನ ಮೇಲೆ ಬೆಳಗಿನಿಂದ ಕೂತಿದ್ದಾಳೆ
ಗುತ್ಯಮ್ಮ, ಆನಂದಪುರದಾಚೆಯ ಶುಂಠಿ ಗದ್ದೆಯವಳು.
ಜ್ಯೂಸಿನ ಬಾಟಲಿಯಲ್ಲಿ ಹೊಂಡದ ನೀರು ತಂದಿದ್ದಾಳೆ.
ಒಂಬತ್ತು ವರ್ಷ ಅವಳ ಬೆನ್ನಿಗೆ ಔಷಧಿ ಕ್ಯಾನು.
(ಔಷಧಿ ಅಂತಲೇ ಅನ್ನುತ್ತೇವೆ, ನಾನೂ.)
ಕ್ಯಾನು ಸೋರಿದ ದಿನ ಜೊಲ್ಲು ನಿಲ್ಲಲಿಲ್ಲವಂತೆ,
ಕಣ್ಣಪಾಪೆ ಸಾಸಿವೆಯಾಗಿತ್ತಂತೆ,
ಮೆಗ್ಗಾನ್ ಆಸ್ಪತ್ರೆಯಲ್ಲಿ ಎರಡು ರಾತ್ರಿ.
ಬಿಸಿಲಿಗೆ ಹಂಗಾಗುತ್ತೆ, ಅಂದಿದ್ದು ಶುಂಠಿ ಕಂಟ್ರಾಕ್ಟರು.

ಪಿಪೆಟ್ಟು ಹಿಡಿದಾಗ ಬಾಗಿಲಲ್ಲಿ ನಿಂತು ಕೇಳಿದಳು:
"ಯಾರ್ದು ಮಗಾ ಅದು?"

ಹೇಗೆ ಹೇಳಲಿ.
ಬಹಳ ಹಿಂದೆ, ಸಮುದ್ರದಾಚೆಯ ಯಾವುದೋ ಊರಲ್ಲಿ
ಹುಟ್ಟದೇ ಹೋದ ಒಂದು ಕೂಸು.
ಅದರ ಮೂತ್ರಪಿಂಡದ ಕೋಶ ಮಾತ್ರ
ಗಾಜಿನ ತಟ್ಟೆಯಲ್ಲಿ ಸಾಯಲು ಮರೆತು
ಲ್ಯಾಬಿನಿಂದ ಲ್ಯಾಬಿಗೆ ದಾಟುತ್ತ ಬಂತು.
ಹೆಸರಿಲ್ಲ. ಹೆತ್ತ ಕರುಳು ಯಾವುದೋ.
ಅದಕ್ಕೆ ಇನ್ನೊಬ್ಬರ ಜೀನಿನ ಕಸಿ ಕಟ್ಟಿ
ಈ ಕಿಣ್ವ ಇಳಿಸುತ್ತಾರೆ.
ಆ ಇನ್ನೊಬ್ಬರೂ ಯಾರೋ.

"ಯಾರ್ದೋ ಮನೆ ಹೆಪ್ಪು, ಗುತ್ಯಮ್ಮ," ಅಂದೆ.
ತಲೆಯಾಡಿಸಿದಳು. ಹೆಪ್ಪಿಗೆ ಯಾರೂ ಲೆಕ್ಕ ಇಡುವುದಿಲ್ಲ,
ದೀಪ ಹಚ್ಚಿದ ಮೇಲೆ ಕೇಳಬಾರದು, ಅಷ್ಟೆ.

ತೊಂಬತ್ತಾರು ಗುಳಿಯ ಚೆನ್ನೆಮಣೆ ನನ್ನದು.
ಮೊದಲ ಸಾಲಿಗೆ ಬಟ್ಟಿ ಇಳಿಸಿದ ನೀರು, ಕಿಣ್ವ, ಬಣ್ಣದ ದ್ರವ:
ತೆಳು ಅರಿಶಿನ ಮೂಡಿ, ನೋಡುನೋಡುತ್ತ ಹಳದಿ ಕಣಗಿಲೆಯಾಯಿತು.
ಎರಡು, ಮೂರು, ಯಾರ್ಯಾರದೋ ಬಾವಿ, ಪರವಾಗಿಲ್ಲ.
ನಾಲ್ಕು, ಗುತ್ಯಮ್ಮನ ಹೊಂಡ.
ಐದು ನಿಮಿಷ. ಹತ್ತು.
ಏನೂ ಇಲ್ಲ. ತಿಳಿ.

ಹೆಗಲ ಮೇಲಿಂದ ಬಗ್ಗಿ ನೋಡಿದಳು.
ಅವಳ ಉಸಿರಲ್ಲಿ ಎಲೆಯಡಿಕೆಯ ವಾಸನೆ.
"ನಮ್ದೇ ಚೊಕ್ಕ ಐತಲ್ಲ ಮಗಾ.
ಮಿಕ್ಕಿದ್ದೆಲ್ಲ ಕಾಮಾಲೆ ಬಂದಂಗೆ ಐತೆ."

ತಿರುಗಿದೆ, ಹೇಳಲೆಂದು.
ಅಷ್ಟರಲ್ಲಿ ಕರೆಂಟು ಹೋಯಿತು.

ಯುಪಿಎಸ್ ಮೂರು ಸಲ ಕೂಗಿ ಸುಮ್ಮನಾಯಿತು.
ಫ್ರೀಜರಿನ ಕೆಂಪಂಕಿ ಆರಿತು.
ಉಳಿದ ಕಿಣ್ವವನ್ನು ಐಸಿನ ಡಬ್ಬಿಗೆ ಹುಗಿದು
ಗಾಳಿಯಾಡುವ ಬೆಂಚಿಗೆ ಬಂದು ಕೂತೆ.
ಆ ತುದಿಗೆ ಅವಳು, ಈ ತುದಿಗೆ ನಾನು, ನಡುವೆ ಡಬ್ಬಿ.

ನಡುಗುವ ಕೈಯನ್ನು ಮುಚ್ಚಳದ ಮೇಲಿಟ್ಟಳು.
"ಥಂಡಿ," ಅಂದು
ಸೆರಗಿನ ತುದಿ ಎಳೆದು ಅದಕ್ಕೆ ಹೊದಿಸಿದಳು.
ಬೇಡ ಅನ್ನಲಿಲ್ಲ ನಾನು.

ಮೆಸ್ಕಾಂನವರು ಫೋನು ಎತ್ತುತ್ತಿಲ್ಲ.
ಇನ್ನೂ ಹೇಳಿಲ್ಲ ಅವಳಿಗೆ.