ನಮೂದು

ಆವತ್ತು ಬ್ಯಾಟರಿ ಒಂಬತ್ತು ಪರ್ಸೆಂಟು.
ಇನ್ನೂ ಹದಿನೇಳು ತಾಕು ಬಾಕಿ,
ತಾಕಿಗೆ ಹತ್ತು ರೂಪಾಯಿ.
ದಿನ್ನೇನಹಳ್ಳಿ ಕೆರೆಯ ಹಿಂದೆ ಹೊತ್ತು ಇಳಿಯುತ್ತಿತ್ತು.
ಪಿಳ್ಳವೆಂಕಟಮ್ಮನ ಹತ್ತು ಗುಂಟೆಗೆ ಆಗ ತಾನೇ ನೀರು ಬಿಟ್ಟಿದ್ದರು.
ಕೆಸರು. ನನ್ನವು ಹೊಸ ಬೂಟು,
ಅಕ್ಕನ ನಿಶ್ಚಿತಾರ್ಥಕ್ಕೆ ತಗೊಂಡವು.
ಬದುವಿನ ಮೇಲೇ ನಿಂತೆ.
ನಕ್ಷೆಯೊಳಗೆ ನೀಲಿ ಚುಕ್ಕೆ ಗೆರೆ ದಾಟಿತು,
ಆ್ಯಪಿಗೆ ಅಷ್ಟು ಸಾಕು.
ಎದುರಿಗಿದ್ದದ್ದು ಪಕ್ಕದವರ ರಾಗಿ ಕೂಳೆ.
ಒತ್ತಿದೆ.
ಬೆಳೆ: ರಾಗಿ.
ಮುಂದಿನ ತಾಕು.

ಆಮೇಲೆ ಎಲ್ಲ ಮುಚ್ಚಿತು.
ಚಿಕ್ಕಬಳ್ಳಾಪುರದ ಹೂವಿನ ಮಾರ್ಕೆಟ್ಟು, ಛತ್ರ, ಗುಡಿ,
ಹೆಣದ ಮೇಲೂ ಹೂ ಹಾಕುವವರಿಲ್ಲ.
ಬಟನ್ ಗುಲಾಬಿಗೆ ಅದು ಗೊತ್ತಿಲ್ಲವಲ್ಲ.
ಕೀಳದೆ ಬಿಟ್ಟರೆ ಗಿಡ ಕೆಡುತ್ತದೆಂದು
ದಿನಾ ನಸುಕಿಗೆ ಕಿತ್ತಳು,
ಮಂಕರಿ ಮಂಕರಿ ಹೊತ್ತು ತಿಪ್ಪೆಗೆ ಸುರಿದಳು.
ಆ ತಿಂಗಳು ನಮ್ಮ ಬೀದಿಯ ತಿಪ್ಪೆ
ಮದುವೆಮನೆಯ ಹಾಗೆ ಘಮಘಮ,
ಕೋಳಿಗಳು ಕೆದಕುತ್ತ ಕೆಂಪಗಾದವು.

ಸರ್ಕಾರ ಕೊಡುತ್ತದಂತೆ ಎಂದಿತು ಟೀವಿ,
ಹೂವಿನವರಿಗೂ, ಹೆಕ್ಟೇರಿಗಿಷ್ಟು.
ಹೆಕ್ಟೇರು ಅಂದರೆ ಎಷ್ಟೋ
ಎಂದು ಊರೆಲ್ಲ ನನ್ನನ್ನೇ ಕೇಳಿತು.
ಗುಂಟೆಗೆ ಇಳಿಸಿ, ಭಾಗಿಸಿ, ಅವಳಿಗೆ ಹೇಳಿದ್ದೂ ನಾನೇ:
ಎರಡು ಸಾವಿರದ ಐನೂರು, ಮೇಲೊಂದಿಷ್ಟು ಚಿಲ್ಲರೆ.
"ಚಿಲ್ಲರೆ ನಿಂಗೆ ಇಟ್ಕೊ" ಅಂದಿದ್ದಳು.

ಪಂಚಾಯ್ತಿ ಗೋಡೆಯ ಪಟ್ಟಿಯಲ್ಲಿ ಅವಳ ಹೆಸರಿಲ್ಲ.
ಬಂದು ಜಗುಲಿಯ ಮೇಲೆ ಕೂತಳು,
ಮೂಗಿನ ಕೆಳಗೆ ಜಾರಿದ ಸೆರಗು, ಕೈಯಲ್ಲಿ ಪಹಣಿ:
"ಅರ್ಜಿ ಬರಿ ನಾಯನಾ."
ಬರೆದೆ. ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ,
ಸದರಿ ಜಮೀನಿನಲ್ಲಿ ಗುಲಾಬಿ ಇದ್ದು,
ಸಮೀಕ್ಷೆಯಲ್ಲಿ ರಾಗಿ ಎಂದು ತಪ್ಪಾಗಿ ನಮೂದಾಗಿರುತ್ತದೆ.

ನಮೂದಾಗಿರುತ್ತದೆ.
ಎಂಥ ಒಳ್ಳೆ ಕನ್ನಡ ಇದು!
ಮಳೆ ಆದಂತೆ, ಬೆಳಗಾದಂತೆ,
ತಪ್ಪೂ ತಾನಾಗಿ ಆಗಿಬಿಡುತ್ತದೆ,
ಕರ್ತೃಪದ ಬೇಕಿಲ್ಲ.

ಓದಿ ಹೇಳು ಅಂದಳು. ಹೇಳಿದೆ.
"ನಮೂದು ಅಂದ್ರೆ ಬರೆಯೋದು ತಾನೆ? ಬರೆದೋರು ಯಾರು?"
ಗಂಟಲಲ್ಲಿ ಏನೋ ಸಿಕ್ಕಿಕೊಂಡಿತು.
"ಅದು… ಆ್ಯಪು" ಅಂದೆ.
ಕೊಂಚ ಹೊತ್ತು ಯೋಚಿಸಿ
"ಅದಕ್ಕೆ ಕಣ್ಣಿಲ್ವೇನೋ, ಪಾಪ" ಅಂದಳು,
ಹೆಬ್ಬೆಟ್ಟಿನ ಮಸಿಯನ್ನು ತಲೆಗೆ ಒರೆಸಿಕೊಂಡು ಎದ್ದಳು.

ರಾತ್ರಿ ಫೋನಿನಲ್ಲಿ ಹಿಂದೆ, ಹಿಂದೆ ಹೋದೆ.
ಅಕ್ಕನ ನಿಶ್ಚಿತಾರ್ಥ, ಬಾಡೂಟದ ಎಲೆ,
ನನ್ನ ಬೂಟಿನದೇ ಎರಡು ಫೋಟೋ,
ಆಮೇಲೆ ಆ ಕೂಳೆ.
ಎರಡು ಬೆರಳಿಟ್ಟು ಹಿಗ್ಗಿಸಿದೆ.
ಎಡಗಡೆಯ ಮೂಲೆಯಲ್ಲಿ, ಬದುವಿನ ಆಚೆ,
ಮಸುಕಾಗಿ, ಯಾರೋ ಎಲೆಯಡಿಕೆ ಉಗಿದಷ್ಟು
ಕೆಂಪು.
ಕೆಳಗೆ ತಾರೀಕು, ಸರ್ವೆ ನಂಬರು,
ತೆಗೆದವರು ಎಂಬಲ್ಲಿ ನನ್ನ ಹೆಸರು, ಇನಿಷಿಯಲ್ ಸಮೇತ.

ಬೆಳಿಗ್ಗೆ ಬಿ.ಬಿ. ರಸ್ತೆಯ ಜೆರಾಕ್ಸ್ ಅಂಗಡಿ.
ಹುಡುಗ ತಲೆ ಎತ್ತದೆ ಕೇಳಿದ,
ಬ್ಲ್ಯಾಕ್ ಅಂಡ್ ವೈಟು ಎರಡು ರೂಪಾಯಿ,
ಕಲರಾದ್ರೆ ಹತ್ತು. ಯಾವ್ದು?

ಜೇಬು ತಡವಿದೆ.
ಕಲರೇ ತೆಗಿಯಪ್ಪ.