ಹಿಂದಾಳು

ಒಂಬೈನೂರು ಕುರಿ, ನಾಲ್ಕು ನಾಯಿ, ಐದು ಜನ,
ಉಪ್ಪು ಹೊತ್ತ ಒಂದು ಕುಂಟು ಹೇಸರಗತ್ತೆ.
ಅಕ್ಟೋಬರಿನ ಮೂರನೆಯ ವಾರ. ತುಷೇತಿಯ ಹುಲ್ಲೆಲ್ಲ
ಹಲ್ಲಿಗೆ ಸಿಗದಷ್ಟು ಗಿಡ್ಡವಾದ ಮೇಲೆ
ಅಬಾನೋ ಘಟ್ಟ ದಾಟಿ ಬಯಲಿಗಿಳಿಯಬೇಕು.
ನನಗೆ ಹದಿನೇಳು. ಎಲ್ಲ ಗೊತ್ತಿತ್ತು ಆಗ.

ಮುಂದೆ ಗಂಟೆ ಕಟ್ಟಿದ ಹೋತ.
ಇಮೆದಾ ಎಲ್ಲರಿಗಿಂತ ಹಿಂದೆ,
ಕಾಲು ಸೋತ ಮರಿಗಳ ಜೊತೆ, ಕೆಮ್ಮುತ್ತ.
ನಾನು ನಕ್ಕಿದ್ದೆ: ಮುಂದಾಳು ಅಂತಾರೆ,
ಬಾಲ ಹಿಡಿದು ಬರ್ತಾನೆ!
ಅವನ ಕಿವಿಗೂ ಬಿತ್ತು. ಹೇಳಿದ್ದಿಷ್ಟೇ:
"ದಾರಿ ಹೋತಕ್ಕೆ ಗೊತ್ತು.
ಯಾರು ಕುಂಟ್ತಾ ಇದ್ದಾರೆ ಅನ್ನೋದು
ಮುಂದಿನಿಂದ ಕಾಣಲ್ಲ."

ತುದಿಗೆ ಇನ್ನು ಮೂರು ತಿರುವು ಇರುವಾಗ
ಗಾಳಿ ತಟ್ಟನೆ ನಿಂತುಹೋಯಿತು.
ನಾಯಿಗಳು ಮೂಗೆತ್ತಿದವು.
ಇಮೆದಾ ಕೋಲೂರಿ ಬಹಳ ಹೊತ್ತು ಆಕಾಶ ನೋಡಿದ,
ಆಮೇಲೆ ನಮ್ಮನ್ನು.
"ನನಗೆ ಭಯ ಆಗ್ತಿದೆ" ಅಂದ.
ಅರವತ್ತೊಂದರ ಗಂಡಸು,
ತೋಳವನ್ನು ಬರೀ ಕೋಲಲ್ಲಿ ಓಡಿಸಿದವನು,
ನೆಗಡಿ ಆಗಿದೆ ಅನ್ನುವ ಹಾಗೆ ಅಂದ.
"ತಿರುಗಿಸಿ."

ಇಕ್ಕಟ್ಟು ದಾರಿಯಲ್ಲಿ ಒಂಬೈನೂರು ಕುರಿ
ತಿರುಗಿಸುವುದೆಂದರೆ ಏನೆಂದು
ತಿರುಗಿಸಿದವರಿಗೇ ಗೊತ್ತು.
ಇಳಿಯುವಾಗಲೇ ತೊರ್ಘ್ವಾನ ಮಂದೆ ಎದುರಾಯಿತು,
ಮೇಲೇರುತ್ತಿತ್ತು.
"ಏನು ಇಮೆದಾ, ಒಲೆ ಆರಿಸೋದು ಮರೆತು ಬಂದ್ಯಾ?"
ಎಲ್ಲರೂ ನಕ್ಕರು. ನಾನೂ ನಕ್ಕೆ, ಅವರ ಕಡೆಯವನ ಹಾಗೆ.
ಆ ನಗು ಇಂದಿಗೂ
ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದೆ.

ಈಗ ನೀವು ಕಾಯುತ್ತೀರಿ: ಹಿಮ ಬಿತ್ತು,
ತೊರ್ಘ್ವಾನ ಮಂದೆ ಹೂತುಹೋಯಿತು, ನಾವು ಬದುಕಿದೆವು ಎಂದು.
ಹಿಮ ಬೀಳಲಿಲ್ಲ.
ರಾತ್ರಿಯೆಲ್ಲ ನಕ್ಷತ್ರ, ಆಗಷ್ಟೇ ಜರಡಿ ಹಿಡಿದಷ್ಟು ನಿಚ್ಚಳ.
ತೊರ್ಘ್ವಾ ಒಂದು ಮರಿಯನ್ನೂ ಕಳೆಯದೆ ದಾಟಿದ.
ಬಯಲಿನ ಮೊದಲ ಹುಲ್ಲು ಅವನ ಕುರಿಗೆ,
ಸಂತೆಯ ಮೊದಲ ಬೆಲೆ ಅವನ ಉಣ್ಣೆಗೆ.
ನಾವು ಐದು ದಿನ ತಡ.
ಹದಿಮೂರು ಕುರಿ ಹಸಿವಿಗೆ ಹೋದವು.

ಇಮೆದಾ ನೆಪ ಹೇಳಲಿಲ್ಲ.
ಮೋಡ ಇತ್ತು, ನಾಯಿ ಬೊಗಳಿತು, ಮೊಣಕಾಲು ನೋಯಿತು,
ಹೇಳಬಹುದಾದ್ದು ಎಷ್ಟಿತ್ತು!
ಯಜಮಾನರ ಮುಂದೆ ಟೋಪಿ ತೆಗೆದು
"ಹದಿಮೂರು. ನನ್ನ ಲೆಕ್ಕದಲ್ಲಿ ಮುರಿದುಕೊಳ್ಳಿ" ಅಂದ.
ನಮ್ಮ ಲೆಕ್ಕ ಅನ್ನಲಿಲ್ಲ.
ಅಂದು ರಾತ್ರಿ ಎಂದಿನಂತೆ ರೊಟ್ಟಿ ಮುರಿದು
ಮೊದಲ ತುಂಡು ಅಡುಗೆಯ ಹುಡುಗನಿಗೆ ಕೊಟ್ಟ.
ಎಂದಿನಂತೆ ಗೊರಕೆ ಹೊಡೆದ.

ಒಂದು ದಿನ ಬೆಂಕಿಯ ಬಳಿ ಕೇಳಿದೆ:
ತಪ್ಪು ಮಾಡಿದೆ ಅನ್ಸಲ್ವಾ?
ಬೂಟಿನ ಅಟ್ಟೆ ಹೊಲಿಯುತ್ತಿದ್ದ, ದಾರ ಹಲ್ಲಲ್ಲಿ ಕಚ್ಚಿ.
"ಅನ್ಸುತ್ತೆ."
ಸ್ವಲ್ಪ ಹೊತ್ತಾದ ಮೇಲೆ:
"ನಾಳೆ ಅದೇ ಗಾಳಿ ಅದೇ ಥರ ನಿಂತರೆ
ಮತ್ತೆ ತಿರುಗಿಸ್ತೀನಿ."
ಇನ್ನೂ ಸ್ವಲ್ಪ ಹೊತ್ತಾದ ಮೇಲೆ:
"ಸೂಜಿ ಬಿತ್ತು, ಹುಡುಕು."

ಈಗ ನನಗೆ ಐವತ್ತೆಂಟು. ಮಂದೆ ಸಣ್ಣದು, ಆರುನೂರು.
ಕಳೆದ ವರ್ಷ ಮಂಜಲ್ಲಿ ದಾರಿ ಕಾಣದೆ
ಹುಡುಗರು ನನ್ನ ಮುಖ ನೋಡಿದರು.
ನಾಲಿಗೆಯ ಮೇಲೆ ಸಿದ್ಧವಿತ್ತು
ಒಂದು ದೊಡ್ಡ ಮಾತು, ಮೀಸೆಯ ಮಾತು.
ನುಂಗಿದೆ. "ಗೊತ್ತಾಗ್ತಿಲ್ಲ" ಅಂದೆ.
ಭೂಮಿಯೇನೂ ಬಾಯಿ ಬಿಡಲಿಲ್ಲ.
ಒಬ್ಬ ಹುಡುಗ, ಜುರ್ಖಾ, ಎಂದೂ ಮಾತಾಡದವನು,
"ನೀರಿನ ಸದ್ದು ಎಡಗಡೆ ಇದೆ" ಅಂದ.

ಬಲ ಅಂದರೆ ಬಂಡೆ ಅಂದುಕೊಂಡಿದ್ದೆ.
ಒಂದೇ ಚಳಿಗೆ ಬಂಡೆ ಬಿರಿದದ್ದನ್ನು ನೋಡಿದ್ದೇನೆ.
ಈ ಉಣ್ಣೆಯ ಕಂಬಳಿ ಇಮೆದಾನದು:
ನೆನೆಯುತ್ತೆ, ಭಾರವಾಗುತ್ತೆ,
ಹಿಂಡಿದರೆ ನೀರು ಕೊಟ್ಟುಬಿಡುತ್ತೆ,
ಬೆಳಗಿಗೆ ಮತ್ತೆ ಬೆಚ್ಚಗೆ.

ಮೊನ್ನೆ ಹೊರಡುವಾಗ ಮುಂದೆ ಯಾರೋ ನಕ್ಕರು
ನನ್ನ ನಡಿಗೆ ನೋಡಿ. ಒಳ್ಳೆಯ ನಗು, ಹದಿನೇಳರದ್ದು.
ಸೋತ ಒಂದು ಮರಿಯನ್ನು ಹೆಗಲಿಗೇರಿಸಿಕೊಂಡೆ.
ಮುಂದೆ ಹೋತದ ಗಂಟೆ.
ಹಿಂದೆ ನಾನು, ಎಣಿಸುತ್ತ.